ಕಾಸ್ಟಿಕ್ ಸೋಡ: ಮೂಟೆಯ ತೂಕ ಮತ್ತು ದ್ರಾವಣದ ಸಾರ

ಸಕಲೇಶಪುರ ಪೇಟೆಯಲ್ಲಿ ಕಾಫಿ ಚೆರ್ರಿ ಕೊಳ್ಳುವ ಯಾವ ವರ್ತಕರೂ ಮೂಟೆಯ ತೂಕವನ್ನು ಮಾತ್ರ ನೋಡಿ ದರ ಹೇಳುವುದಿಲ್ಲ. 50 ಕಿಲೋ ಚೆರ್ರಿಗೆ ಎಷ್ಟು ಕಿಲೋ ಕಾಳು ಬಂದೀತು ಎಂಬ ಔಟ್‌ಟರ್ನ್ ನೋಡುತ್ತಾರೆ, ತೇವಾಂಶ ಮಾಪಕದಲ್ಲಿ ಒಂದು ಹಿಡಿ ಹಾಕಿ ನೋಡುತ್ತಾರೆ, ಅನಂತರವೇ ದರದ ಮಾತು. ಆದರೆ ಅದೇ ವರ್ತಕರು, ಅದೇ ಬೆಳೆಗಾರರು ಕಾಸ್ಟಿಕ್ ಸೋಡ ಕೊಳ್ಳುವಾಗ ಮೂಟೆಯ ತೂಕವೊಂದನ್ನೇ ನಂಬುವುದು ವಾಡಿಕೆಯಾಗಿದೆ. ಕಾಸ್ಟಿಕ್ ಸೋಡಕ್ಕೂ ಒಂದು ಔಟ್‌ಟರ್ನ್ ಉಂಟು. ಅದನ್ನು ಲೆಕ್ಕ ಮಾಡುವ ರಸಾಯನಶಾಸ್ತ್ರದ ಅಳತೆಗೆ ಮೋಲಾರಿಟಿ ಎಂದು ಹೆಸರು. ಪಿಯುಸಿ ಪಠ್ಯದಲ್ಲಿ ಓದಿ ಮರೆತ ಈ ಪದವು ವ್ಯಾಪಾರಕ್ಕೆ ಹೇಗೆ ಒದಗುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊಂಗಡಹಳ್ಳದಂತಹ ಘಟ್ಟದಂಚಿನ ಊರಿನ ಒಂದು ಪಲ್ಪರ್ ಮನೆಯನ್ನು ಉದಾಹರಣೆಗಾಗಿ ಕಣ್ಣ ಮುಂದೆ ತಂದುಕೊಳ್ಳೋಣ. ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿಕೊಂಡಿರುವ ಲೋಳೆಯನ್ನು ತೆಗೆಯಲು ಮೂರು ದಾರಿಗಳಿವೆ. ತೊಟ್ಟಿಯಲ್ಲಿ ಹುಳಿಯಲು ಬಿಡುವುದು ಒಂದು, ಯಂತ್ರದಲ್ಲಿ ಉಜ್ಜಿ ತೆಗೆಯುವುದು ಇನ್ನೊಂದು, ಕಾಸ್ಟಿಕ್ ಸೋಡ ದ್ರಾವಣವನ್ನು ಹರಡಿ ಕಲಸುವುದು ಮೂರನೆಯದು. ಈ ಮೂರನೆಯ ಕ್ರಮಕ್ಕೆ ಕಾಫಿ ಮಂಡಳಿಯ ಕೈಪಿಡಿಗಳು ಹೇಳುವ ಪ್ರಮಾಣ 10 ಲೀಟರ್ ನೀರಿಗೆ 1 ಕಿಲೋ ಕಾಸ್ಟಿಕ್ ಸೋಡ. ಅರೇಬಿಕಾದ ಲೋಳೆ ಸುಮಾರು ಒಂದು ಗಂಟೆಯಲ್ಲಿ, ದಪ್ಪ ಲೋಳೆಯ ರೊಬಸ್ಟಾದ್ದು ಒಂದೂವರೆಯಿಂದ ಎರಡು ಗಂಟೆಯಲ್ಲಿ ಬಿಡುತ್ತದೆ.

ಹಂಗಾಮು ಮುಗಿದಾಗ ಮೂಟೆಯಲ್ಲಿ ಅರ್ಧ ಉಳಿಯುತ್ತದೆ. ಬಾಯಿಗೆ ದಾರ ಕಟ್ಟಿ ಉಗ್ರಾಣದ ಮೂಲೆಯಲ್ಲಿ ಇಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮಳೆಗಾಲ. ಡಿಸೆಂಬರಿನಲ್ಲಿ ಮೇಸ್ತ್ರಿಯು ಅದೇ ಮೂಟೆಯಿಂದ ಅದೇ ತಕ್ಕಡಿಯಲ್ಲಿ ಸರಿಯಾಗಿ 1 ಕಿಲೋ ತೂಗಿ 10 ಲೀಟರಿಗೆ ಹಾಕುತ್ತಾರೆ. ಲೋಳೆ ಬಿಡುವುದಿಲ್ಲ. ಇನ್ನೂ ಅರ್ಧ ಗಂಟೆ ತುಳಿಸುತ್ತಾರೆ, ಇನ್ನೊಂದು ಹಿಡಿ ಸೋಡ ಹಾಕುತ್ತಾರೆ. ಲೋಳೆ ಉಳಿದ ಪಾರ್ಚ್‌ಮೆಂಟ್ ಕಣದಲ್ಲಿ ತಡವಾಗಿ ಒಣಗುತ್ತದೆ, ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ. ಬೆಳೆಗಾರರು ಅಂಗಡಿಯವರನ್ನು ದೂರುತ್ತಾರೆ, ಅಂಗಡಿಯವರು ಕಂಪನಿಯನ್ನು ದೂರುತ್ತಾರೆ. ಈ ಜಗಳದಲ್ಲಿ ಯಾರೂ ತೂಕದಲ್ಲಿ ಮೋಸ ಮಾಡಿರಬೇಕಾಗಿಲ್ಲ. ಅಳೆಯಬೇಕಾದುದನ್ನು ಯಾರೂ ಅಳೆದಿಲ್ಲ, ಅಷ್ಟೆ.

ತೂಕದಲ್ಲಿ ಖರೀದಿ, ಎಣಿಕೆಯಲ್ಲಿ ಬಳಕೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟು ನಟ್ಟುಗಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ. ಜೋಡಿಸುವಾಗ ಮಾತ್ರ ಒಂದು ಬೋಲ್ಟಿಗೆ ಒಂದು ನಟ್ಟು. ರಾಸಾಯನಿಕ ಕ್ರಿಯೆಯೂ ಹೀಗೆಯೇ. ಕಣಕ್ಕೆ ಕಣ ಸೇರುತ್ತದೆಯೇ ಹೊರತು ಗ್ರಾಮಿಗೆ ಗ್ರಾಂ ಸೇರುವುದಿಲ್ಲ. ಕಣಗಳನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯವಾದುದರಿಂದ, 6022ರ ಮುಂದೆ ಇಪ್ಪತ್ತು ಸೊನ್ನೆ ಇಟ್ಟಷ್ಟು ಕಣಗಳ ಗುಂಪನ್ನು ಒಂದು ಮೋಲ್ ಎಂದು ಕರೆದಿದ್ದಾರೆ. ನಾವು ಹನ್ನೆರಡನ್ನು ಡಜನ್ ಎನ್ನುವ ಹಾಗೆ. ಒಂದು ಮೋಲ್ ವಸ್ತುವಿನ ತೂಕ ಗ್ರಾಮುಗಳಲ್ಲಿ ಅದರ ಅಣುತೂಕಕ್ಕೆ ಸಮ.

ಕಾಸ್ಟಿಕ್ ಸೋಡ ಎಂದರೆ ಸೋಡಿಯಂ ಹೈಡ್ರಾಕ್ಸೈಡ್. ಸೋಡಿಯಂ 23, ಆಮ್ಲಜನಕ 16, ಜಲಜನಕ 1; ಒಟ್ಟು 40. ಅಂದರೆ 40 ಗ್ರಾಂ ಶುದ್ಧ ಕಾಸ್ಟಿಕ್ ಸೋಡ ಒಂದು ಮೋಲ್, ಒಂದು ಕಿಲೋ 25 ಮೋಲ್. ಇದೇ ಕುಟುಂಬದ ಕಾಸ್ಟಿಕ್ ಪೊಟ್ಯಾಶ್‌ನ ಅಣುತೂಕ 56.1, ಆದುದರಿಂದ ಒಂದು ಕಿಲೋ ಪೊಟ್ಯಾಶ್‌ನಲ್ಲಿ ಇರುವುದು 17.8 ಮೋಲ್ ಮಾತ್ರ. ಸೋಡದ ಬದಲು ಪೊಟ್ಯಾಶನ್ನು ತೂಕಕ್ಕೆ ತೂಕ ಬಳಸಿದರೆ ಕೆಲಸ ಅರೆಬರೆಯಾಗುವುದು ಇದರಿಂದಲೇ.

ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಕರಗಿದೆಯೋ ಅದು ಆ ದ್ರಾವಣದ ಮೋಲಾರಿಟಿ. ಪಲ್ಪರ್ ಮನೆಯ ದ್ರಾವಣಕ್ಕೆ ಲೆಕ್ಕ ಹೀಗೆ:

1000 ಗ್ರಾಂ ÷ 40 = 25 ಮೋಲ್
25 ಮೋಲ್ ÷ 10 ಲೀಟರ್ = 2.5 ಮೋಲಾರ್

ಇಲ್ಲಿ ಒಂದು ಸೂಕ್ಷ್ಮವಿದೆ. ವ್ಯಾಖ್ಯೆಯು ಹೇಳುವುದು ಒಂದು ಲೀಟರ್ ದ್ರಾವಣ, ಒಂದು ಲೀಟರ್ ನೀರಲ್ಲ. ಸಕ್ಕರೆ ಹಾಕಿದರೆ ಪಾನಕ ಉಬ್ಬುವಂತೆ ಸೋಡ ಹಾಕಿದರೂ ಪ್ರಮಾಣ ಉಬ್ಬಬೇಕಲ್ಲವೇ? ಈ ಪ್ರಮಾಣದಲ್ಲಿ ಮಾತ್ರ ನಮ್ಮ ಅದೃಷ್ಟ ಚೆನ್ನಾಗಿದೆ. 10 ಲೀಟರ್ ನೀರಿಗೆ 1 ಕಿಲೋ ಸೋಡ ಸೇರಿದಾಗ ಒಟ್ಟು ತೂಕ 11 ಕಿಲೋ, ಆ ದ್ರಾವಣದ ಸಾಂದ್ರತೆ ಲೀಟರಿಗೆ ಸುಮಾರು 1.10 ಕಿಲೋ. 11 ಅನ್ನು 1.10ರಿಂದ ಭಾಗಿಸಿದರೆ ಬರುವುದು ಮತ್ತೆ 10 ಲೀಟರೇ. ಆದರೆ ಇದು ಎಲ್ಲ ಪ್ರಮಾಣಗಳಿಗೂ ಅನ್ವಯಿಸುವುದಿಲ್ಲ. ಗಟ್ಟಿ ದ್ರಾವಣ ಮಾಡುವವರು ಸ್ವಲ್ಪ ಕಡಿಮೆ ನೀರಿನಲ್ಲಿ ಸೋಡ ಕರಗಿಸಿ, ತಣಿದ ಮೇಲೆ ಗುರುತಿನವರೆಗೆ ನೀರು ತುಂಬಿಸುವುದೇ ಸರಿಯಾದ ಕ್ರಮ.

ತಣಿದ ಮೇಲೆ ಎಂದು ಹೇಳಿದ್ದಕ್ಕೆ ಕಾರಣವಿದೆ. ಪ್ರತಿ ಮೋಲ್ ಸೋಡ ಕರಗುವಾಗ ಸುಮಾರು 44 ಕಿಲೋಜೂಲ್ ಶಾಖ ಹೊರಬೀಳುತ್ತದೆ. 25 ಮೋಲ್ ಒಟ್ಟಿಗೆ ಕರಗಿದರೆ 10 ಲೀಟರ್ ನೀರಿನ ಉಷ್ಣತೆ ಸುಮಾರು 25 ಡಿಗ್ರಿಯಷ್ಟು ಏರುತ್ತದೆ. ಆದುದರಿಂದ ನೀರಿಗೆ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಸರ್ವಥಾ ಕೂಡದು. ಸೋಡವು ಅಲ್ಯೂಮಿನಿಯಮ್ಮನ್ನು ತಿಂದು ಹೊತ್ತಿಕೊಳ್ಳುವ ಜಲಜನಕ ಅನಿಲವನ್ನು ಬಿಡುತ್ತದೆ. ಸತುವಿನ ಲೇಪವಿರುವ ಬಕೆಟ್ಟಿಗೂ ಇದೇ ಮಾತು. ದಪ್ಪ ಪ್ಲಾಸ್ಟಿಕ್ ಡ್ರಮ್ಮು ಉತ್ತಮ.

'ಪ್ರಬಲ' ಬೇರೆ, 'ಗಟ್ಟಿ' ಬೇರೆ

ಕಾಸ್ಟಿಕ್ ಸೋಡವನ್ನು ಪ್ರಬಲ ಪ್ರತ್ಯಾಮ್ಲ ಎನ್ನುತ್ತಾರೆ. ಕರಗಿದ ಪ್ರತಿಯೊಂದು ಕಣವೂ ಒಡೆದು ಹೈಡ್ರಾಕ್ಸೈಡ್ ಅಯಾನನ್ನು ಬಿಟ್ಟುಕೊಡುತ್ತದೆ ಎಂಬುದು ಇದರ ಅರ್ಥ. ಹೀಗಾಗಿ 2.5 ಮೋಲಾರ್ ಸೋಡದಲ್ಲಿ ಹೈಡ್ರಾಕ್ಸೈಡ್ ಕೂಡ 2.5 ಮೋಲಾರ್, ಬೇರೆ ತಿದ್ದುಪಡಿಯ ಲೆಕ್ಕ ಬೇಕಿಲ್ಲ. ಸುಣ್ಣವೂ ಪ್ರಬಲವೇ, ಅದರ ಒಂದು ಕಣ ಎರಡು ಹೈಡ್ರಾಕ್ಸೈಡ್ ಕೊಡುತ್ತದೆ. ಆದರೆ ಒಂದು ಲೀಟರ್ ನೀರಿನಲ್ಲಿ ಕರಗುವುದೇ ಸುಮಾರು 1.7 ಗ್ರಾಂ. ಅಣುತೂಕ 74ರಿಂದ ಭಾಗಿಸಿದರೆ 0.023 ಮೋಲಾರ್, ಹೈಡ್ರಾಕ್ಸೈಡ್ 0.046 ಮೋಲಾರ್. ತಿಳಿ ಸುಣ್ಣದ ನೀರು ಪ್ರಬಲವಾದರೂ ತೆಳು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಮಲೆನಾಡಿನಲ್ಲೇ ಇದೆ. ಏಲಕ್ಕಿಯ ಹಸಿರು ಉಳಿಯಲೆಂದು ಒಣಗಿಸುವ ಮುನ್ನ ಶೇ. 2ರ ವಾಷಿಂಗ್ ಸೋಡ ದ್ರಾವಣದಲ್ಲಿ ಹತ್ತು ನಿಮಿಷ ಅದ್ದುವ ಪದ್ಧತಿಯುಂಟು. ವಾಷಿಂಗ್ ಸೋಡ ದುರ್ಬಲ ಪ್ರತ್ಯಾಮ್ಲ. ಹರಳಿನ ರೂಪದಲ್ಲಿ ಅದರೊಳಗೆ ನೀರು ಸೇರಿದ್ದು ಅಣುತೂಕ 286. ನೀರಿಲ್ಲದ ಸೋಡ ಆಶ್ ಪುಡಿಯದು 106. ಲೀಟರಿಗೆ 20 ಗ್ರಾಂ ಎಂದರೆ ಹರಳಿನಲ್ಲಿ 0.07 ಮೋಲಾರ್, ಪುಡಿಯಲ್ಲಿ 0.19 ಮೋಲಾರ್. ತೂಕ ಒಂದೇ ಆದರೂ ಸಾರದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಅಂತರ. ಅಂಗಡಿಯಲ್ಲಿ 'ಸೋಡ ಕೊಡಿ' ಎಂದು ಕೇಳುವ ಗಿರಾಕಿಗೆ 'ಯಾವ ಸೋಡ?' ಎಂದು ಮರುಪ್ರಶ್ನೆ ಹಾಕುವ ವರ್ತಕರು ಅವರಿಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

ಶೇಕಡಾ ಎಂಬ ಮಾಯೆ

ಶೇ. 10 ಎಂಬ ಮಾತಿಗೆ ವ್ಯವಹಾರದಲ್ಲಿ ಎರಡು ಅರ್ಥಗಳಿವೆ. 1 ಲೀಟರ್ ದ್ರಾವಣದಲ್ಲಿ 100 ಗ್ರಾಂ ಎಂಬುದು ಒಂದು, ಅದು 2.5 ಮೋಲಾರ್. 100 ಗ್ರಾಂ ದ್ರಾವಣದಲ್ಲಿ 10 ಗ್ರಾಂ ಎಂಬುದು ಇನ್ನೊಂದು. ಆ ದ್ರಾವಣದ ಸಾಂದ್ರತೆ 1.109 ಆದುದರಿಂದ ಲೀಟರಿಗೆ 110.9 ಗ್ರಾಂ, ಅಂದರೆ 2.77 ಮೋಲಾರ್. ಇಷ್ಟು ಸಣ್ಣ ಪ್ರಮಾಣದಲ್ಲೇ ನೂರಕ್ಕೆ ಹನ್ನೊಂದರಷ್ಟು ವ್ಯತ್ಯಾಸ.

ದ್ರವರೂಪದ ಸೋಡ, ಅಂದರೆ ಲೈ ಕೊಳ್ಳುವವರಿಗೆ ಈ ವ್ಯತ್ಯಾಸ ನೇರವಾಗಿ ಕಿಸೆಗೆ ತಾಗುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡ ತಯಾರಿಸುವ ಕಾರ್ಖಾನೆ ನಮ್ಮ ರಾಜ್ಯದಲ್ಲಿ ಕಾರವಾರದ ಬಿಣಗಾದಲ್ಲಿದೆ. ಸೊಲಾರಿಸ್ ಕೆಮ್‌ಟೆಕ್ ಕೈಯಲ್ಲಿದ್ದ ಅದು 2013ರಲ್ಲಿ ಆದಿತ್ಯ ಬಿರ್ಲಾ ಸಮೂಹಕ್ಕೆ ಸೇರಿತು. ಇಂತಹ ಕಾರ್ಖಾನೆಗಳಲ್ಲಿ ಪೊರೆಕೋಶದಿಂದ ಹೊರಬರುವ ಲೈ ಸುಮಾರು ಶೇ. 32ರದು, ಆವಿ ಹಿಡಿಸಿ ಅದನ್ನು ಶೇ. 48 ಅಥವಾ 50ಕ್ಕೆ ಏರಿಸುತ್ತಾರೆ, ಇನ್ನೂ ಒಣಗಿಸಿದರೆ ಫ್ಲೇಕ್ಸ್. ಲೈ ಮೇಲೆ ಬರೆದ ಶೇಕಡಾ ಯಾವಾಗಲೂ ತೂಕಕ್ಕೆ ತೂಕದ ಲೆಕ್ಕ, ಲೀಟರಿನದಲ್ಲ.

ಶೇ. 48ರ ಲೈ ಒಂದು ಲೀಟರ್ ತೂಗುವುದು ಸುಮಾರು 1.51 ಕಿಲೋ. ಅದರಲ್ಲಿ ನೂರಕ್ಕೆ 48ರಂತೆ 725 ಗ್ರಾಂ ಸೋಡ. 40ರಿಂದ ಭಾಗಿಸಿದರೆ 18.1 ಮೋಲಾರ್. ಶೇ. 32ರ ಲೈ ಲೀಟರಿಗೆ 1.35 ಕಿಲೋ ತೂಗುತ್ತದೆ. ಅದರಲ್ಲಿ 432 ಗ್ರಾಂ ಸೋಡ, ಅಂದರೆ 10.8 ಮೋಲಾರ್.

ಈಗ ಶೇ. 48ರ ಲೈನಿಂದ 10 ಲೀಟರ್ 2.5 ಮೋಲಾರ್ ದ್ರಾವಣ ಬೇಕೆಂದುಕೊಳ್ಳಿ. ಬೇಕಾದುದು 25 ಮೋಲ್. 25 ÷ 18.1 = 1.38 ಲೀಟರ್ ಲೈ. ಉಳಿದುದು ನೀರು. 'ಶೇ. 48 ಎಂದರೆ ಲೀಟರಿಗೆ 480 ಗ್ರಾಂ' ಎಂದು ಎಣಿಸಿದವರು 2.08 ಲೀಟರ್ ಸುರಿಯುತ್ತಾರೆ. ಆಗ ದ್ರಾವಣದಲ್ಲಿ 1.51 ಕಿಲೋ ಸೋಡ ಸೇರಿ ಅದು 3.77 ಮೋಲಾರ್ ಆಗುತ್ತದೆ. ಒಂದಕ್ಕೆ ಒಂದೂವರೆ ಖರ್ಚು, ತುಳಿಯುವ ಕಾಲಿಗೆ ಹುಣ್ಣು, ತೊಳೆಯಲು ಹೆಚ್ಚು ನೀರು.

ದರ ಹೋಲಿಸುವಾಗಲೂ ಒಣ ಸೋಡದ ಲೆಕ್ಕಕ್ಕೇ ಬರಬೇಕು. ಲೆಕ್ಕ ತಿಳಿಯಲೆಂದು ಮಾತ್ರ ಕೆಲವು ಅಂಕಿಗಳನ್ನು ಊಹಿಸೋಣ. ಇವು ಪೇಟೆಯ ದರಗಳಲ್ಲ. ಶೇ. 48ರ ಲೈ ಕಿಲೋಗೆ 20 ರೂ., ಶೇ. 98ರ ಫ್ಲೇಕ್ಸ್ ಕಿಲೋಗೆ 46 ರೂ. ಎಂದಿರಲಿ. 20 ÷ 0.48 = 41.67 ರೂ.; 46 ÷ 0.98 = 46.94 ರೂ. ಲೈ ಅಗ್ಗ ಎನಿಸುತ್ತದೆ. ಆದರೆ ಒಂದು ಕಿಲೋ ಒಣ ಸೋಡ ಸಾಗಿಸಲು 2.08 ಕಿಲೋ ಲೈ ಹೊರಬೇಕು. ಅರ್ಧಕ್ಕಿಂತ ಹೆಚ್ಚು ಬಾಡಿಗೆ ನೀರಿಗೆ. ಸಾಗಣೆ ಕಿಲೋಗೆ 3 ರೂ. ಇದ್ದರೆ ಲೈ 47.92 ರೂ., ಫ್ಲೇಕ್ಸ್ 50 ರೂ.; ಲೈ ಇನ್ನೂ ಅಗ್ಗ. ಸಾಗಣೆ 6 ರೂ. ಆದರೆ ಲೈ 54.17 ರೂ., ಫ್ಲೇಕ್ಸ್ 53.06 ರೂ.; ಲೆಕ್ಕ ತಿರುವುಮುರುವು. ಈ ಅಂಕಿಗಳಲ್ಲಿ ಕಿಲೋಗೆ ಸುಮಾರು 5 ರೂ. ಸಾಗಣೆಯ ಹತ್ತಿರ ಎರಡೂ ಸಮನಾಗುತ್ತವೆ. ಹಾಸನ ಪಟ್ಟಣದ ಘಟಕಕ್ಕೆ ಲಾಭವಾದುದು ಘಟ್ಟದ ತುದಿಯ ತೋಟಕ್ಕೆ ನಷ್ಟವಾಗಬಹುದು.

ಇನ್ನೊಂದು ಎಚ್ಚರಿಕೆ. ಶೇ. 50ರ ಲೈ ಸುಮಾರು 12 ಡಿಗ್ರಿಯಲ್ಲಿ ಹರಳುಗಟ್ಟತೊಡಗುತ್ತದೆ. ಚಳಿಗಾಲದ ಬೆಳಗ್ಗೆ ಡ್ರಮ್ಮಿನ ತಳದಲ್ಲಿ ಬಿಳಿ ಗಟ್ಟಿ ಕಂಡರೆ ಮೇಲಿನ ದ್ರವವನ್ನು ಅಳೆದು ಬಳಸಬಾರದು. ಅದರ ಸಾರ ಬದಲಾಗಿರುತ್ತದೆ. ಡ್ರಮ್ಮನ್ನು ಬಿಸಿಲಿಗಿಟ್ಟು, ಹರಳೆಲ್ಲ ಕರಗಿ ಕಲೆತ ಮೇಲೆಯೇ ತೆಗೆಯಬೇಕು.

ಸಾಬೂನು ತಯಾರಿಸುವ ಸಣ್ಣ ಘಟಕಗಳವರಿಗೆ ಒಂದು ಮಾತು. ಕೊಬ್ಬರಿ ಎಣ್ಣೆ ಪ್ರತಿ ಗ್ರಾಮಿಗೆ ಸುಮಾರು 257 ಮಿಲಿಗ್ರಾಂ ಕಾಸ್ಟಿಕ್ ಪೊಟ್ಯಾಶ್ ಕೇಳುತ್ತದೆ. ಸಾಬೂನೀಕರಣ ಮೌಲ್ಯವನ್ನು ಪೊಟ್ಯಾಶ್ ಲೆಕ್ಕದಲ್ಲೇ ಬರೆಯುವುದು ರೂಢಿ. ಮೋಲಿಗೆ ತಿರುಗಿಸಿದರೆ ಒಂದು ಕಿಲೋ ಎಣ್ಣೆಗೆ 4.58 ಮೋಲ್, ಅಂದರೆ 183 ಗ್ರಾಂ ಶುದ್ಧ ಸೋಡ ಅಥವಾ ಶೇ. 48ರ ಲೈ 253 ಮಿಲಿಲೀಟರ್. ಲೈ ಸಪ್ಪೆಯಾದರೆ ಎಣ್ಣೆ ಉಳಿದು ಸಾಬೂನು ಕಮಟುತ್ತದೆ, ಹೆಚ್ಚಾದರೆ ಚರ್ಮ ಉರಿಯುತ್ತದೆ. ಪಲ್ಪರ್ ಮನೆಯಲ್ಲಾದರೆ ಇನ್ನರ್ಧ ಗಂಟೆ ತುಳಿದು ಸರಿಪಡಿಸಿಕೊಳ್ಳಬಹುದು; ಅಚ್ಚಿಗೆ ಹೊಯ್ದ ಸಾಬೂನಿಗೆ ಆ ಅವಕಾಶವಿಲ್ಲ.

ಹಳೆಯ ಮೂಟೆಯಲ್ಲಿ ಏನಾಗಿದೆ?

ಈಗ ಹೊಂಗಡಹಳ್ಳದ ಉಗ್ರಾಣಕ್ಕೆ ಮರಳೋಣ. ಕಾಸ್ಟಿಕ್ ಸೋಡವು ಗಾಳಿಯಿಂದ ಎರಡು ವಸ್ತುಗಳನ್ನು ಎಳೆದುಕೊಳ್ಳುತ್ತದೆ. ಮೊದಲನೆಯದು ತೇವ. ಎರಡನೆಯದು ಇಂಗಾಲದ ಡೈಆಕ್ಸೈಡ್; ಅದು ಸೇರಿದಷ್ಟೂ ಕಾಸ್ಟಿಕ್ ಸೋಡವು ಸೋಡಿಯಂ ಕಾರ್ಬೊನೇಟ್, ಅಂದರೆ ದುರ್ಬಲವಾದ ವಾಷಿಂಗ್ ಸೋಡ ಆಗುತ್ತ ಹೋಗುತ್ತದೆ. ಎರಡರಿಂದಲೂ ಮೂಟೆಯ ತೂಕ ಇಳಿಯುವುದಿಲ್ಲ, ಏರುತ್ತದೆ. ತೂಕವನ್ನೇ ನಂಬಿದವರು ಮೋಸ ಹೋಗುವುದು ಇಲ್ಲಿಯೇ.

ತೇವ ಮಾತ್ರ ಸೇರಿದ್ದರೆ ಪತ್ತೆ ಹಚ್ಚಲು ತಕ್ಕಡಿಯೇ ಸಾಕು. ಶೇ. 98ರ 50 ಕಿಲೋ ಮೂಟೆಯಲ್ಲಿ ಶುದ್ಧ ಸೋಡ 49 ಕಿಲೋ. ಏನೂ ತೆಗೆಯದೆ ಬಾಯಿ ಬಿಚ್ಚಿಟ್ಟ ಮೂಟೆ ಮಳೆಗಾಲ ಕಳೆದು 56 ಕಿಲೋ ತೂಗಿದರೆ ಆ 49 ಕಿಲೋ ಈಗ 56ರಲ್ಲಿ ಹಂಚಿಹೋಗಿದೆ. 49 ÷ 56 = ಶೇ. 87.5. ಇದರಿಂದ 1 ಕಿಲೋ ತೂಗಿ 10 ಲೀಟರಿಗೆ ಹಾಕಿದರೆ ದ್ರಾವಣ 2.19 ಮೋಲಾರ್. 2.5 ಬೇಕಾದರೆ 1 ಕಿಲೋ ಬದಲು 1.14 ಕಿಲೋ ಹಾಕಬೇಕು. ಮಾಲು ಎಲ್ಲಿಯೂ ಹೋಗಿಲ್ಲ. ಲೆಕ್ಕ ಮಾತ್ರ ಬದಲಾಗಬೇಕು.

ಕಾರ್ಬೊನೇಟ್ ಆದ ಭಾಗ ಮಾತ್ರ ಮರಳಿ ಬಾರದ ನಷ್ಟ. ಅದನ್ನು ತಕ್ಕಡಿ ತೋರಿಸುವುದಿಲ್ಲ. ಹೈಡ್ರೋಮೀಟರ್ ಕೂಡ ತೋರಿಸುವುದಿಲ್ಲ. ನಮ್ಮ 2.5 ಮೋಲಾರ್ ದ್ರಾವಣ ಟ್ವಾಡೆಲ್ ಮಾಪಕದಲ್ಲಿ ಸುಮಾರು 20 ಡಿಗ್ರಿ ತೋರಿಸುತ್ತದೆ, ಆದರೆ ಕರಗಿದ ಕಾರ್ಬೊನೇಟ್ ಕೂಡ ದ್ರವದ ಭಾರವನ್ನು ಏರಿಸುವುದರಿಂದ ಕೆಟ್ಟ ಸೋಡವೂ ಅಲ್ಲಿ ಪಾಸಾಗಬಹುದು. ಪಿಎಚ್ ಕಾಗದವಂತೂ ಇಲ್ಲಿ ನಿರುಪಯುಕ್ತ. 2.1 ಮೋಲಾರ್ ಇರಲಿ, 2.5 ಇರಲಿ, ಕಾಗದ ಕಡುನೀಲಿಯಾಗಿ 14ಕ್ಕೆ ನಿಲ್ಲುತ್ತದೆ. ತೆಳು ದ್ರಾವಣಗಳಿಗೆ ಮಾಡಿದ ಸಾಧನವದು.

ಆಮ್ಲದ ಸಾಕ್ಷ್ಯ

ನಿಶ್ಚಿತವಾದ ಉತ್ತರ ಕೊಡುವುದು ಅನುಮಾಪನ. ತಿಳಿದ ಸಾರದ ಆಮ್ಲ ಎಷ್ಟು ಹಿಡಿಯಿತು ಎಂಬುದರಿಂದ ತಿಳಿಯದ ಪ್ರತ್ಯಾಮ್ಲದ ಸಾರ ಕಂಡುಹಿಡಿಯುವ ಕ್ರಮವಿದು. ಬ್ಯುರೆಟ್, ಪಿಪೆಟ್, 250 ಮಿಲಿಲೀಟರಿನ ಗುರುತಿನ ಬುದ್ದಲಿ, ಫಿನಾಫ್ತಲೀನ್ ಸೂಚಕ ಹಾಗೂ ಆಕ್ಸಾಲಿಕ್ ಆಮ್ಲದ ಹರಳು ಬೇಕು. ಶಾಲಾ ಪ್ರಯೋಗಾಲಯಗಳಿಗೆ ಸಾಮಗ್ರಿ ಒದಗಿಸುವ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ.

ಆಕ್ಸಾಲಿಕ್ ಆಮ್ಲದ ಹರಳಿನ ಅಣುತೂಕ 126. ಅದು ಗಾಳಿಯಲ್ಲಿ ಬೇಗ ಕೆಡುವುದಿಲ್ಲ; ಆದುದರಿಂದಲೇ ತೂಕವನ್ನು ನಂಬಬಹುದಾದ ಆಮ್ಲ. 6.30 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿದರೆ 0.05 ಮೋಲಾರ್ ಆಮ್ಲ ಸಿದ್ಧ. ಇದರ ಒಂದು ಕಣ ಎರಡು ಹೈಡ್ರಾಕ್ಸೈಡುಗಳನ್ನು ಹಿಡಿಯುತ್ತದೆ ಎಂಬುದನ್ನು ನೆನಪಿಡಬೇಕು. ಈ ಎರಡನ್ನು ಮರೆತವರ ಉತ್ತರ ಅರ್ಧಕ್ಕೆ ಇಳಿಯುತ್ತದೆ.

ಪಲ್ಪರ್ ಮನೆಯ ದ್ರಾವಣ ನೇರ ಪರೀಕ್ಷೆಗೆ ತೀರ ಗಟ್ಟಿ. ತಣಿದ ದ್ರಾವಣದಲ್ಲಿ 10 ಮಿಲಿಲೀಟರನ್ನು ಪಿಪೆಟ್ಟಿನಿಂದ ತೆಗೆದು (ಬಾಯಿಯಿಂದ ಎಳೆಯಕೂಡದು, ರಬ್ಬರ್ ಬಲ್ಬ್ ಬಳಸಬೇಕು) 250 ಮಿಲಿಲೀಟರಿಗೆ ತೆಳುವಾಗಿಸಬೇಕು. ಕುದಿಸಿ ಆರಿಸಿದ ನೀರು ಒಳ್ಳೆಯದು. ಈ ತೆಳು ದ್ರಾವಣದಲ್ಲಿ ಮತ್ತೆ 10 ಮಿಲಿಲೀಟರನ್ನು ಗಾಜಿನ ಬುದ್ದಲಿಗೆ ತೆಗೆದುಕೊಂಡು ಎರಡು ಹನಿ ಫಿನಾಫ್ತಲೀನ್ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಬ್ಯುರೆಟ್ಟಿನಿಂದ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ, ಬಣ್ಣ ಮಾಯವಾದ ಕ್ಷಣದಲ್ಲಿ ನಿಲ್ಲಿಸಿ ಅಂಕಿ ಓದಬೇಕು.

8.4 ಮಿಲಿಲೀಟರ್ ಹಿಡಿಯಿತು ಎಂದಿರಲಿ.

8.4 × 0.05 × 2 ÷ 10 = 0.084 ಮೋಲಾರ್ (ತೆಳು ದ್ರಾವಣ)
0.084 × 25 = 2.1 ಮೋಲಾರ್ (ಮೂಲ ದ್ರಾವಣ)

ಈ ಅಳತೆಗಳನ್ನೇ ಇಟ್ಟುಕೊಂಡರೆ ಗುಣಾಕಾರವನ್ನೂ ಪ್ರತಿಸಲ ಮಾಡಬೇಕಾಗಿಲ್ಲ. ಬ್ಯುರೆಟ್ಟಿನ ಒಂದು ಮಿಲಿಲೀಟರ್ ಎಂದರೆ 0.25 ಮೋಲಾರ್. 10 ಹಿಡಿದರೆ ಪೂರ್ಣ 2.5, ಶೇ. 98ರ ಹೊಸ ಮಾಲಿಗೆ 9.8, ನಮ್ಮ ಹಳೆಯ ಮೂಟೆಗೆ 8.4, ಅಂದರೆ ಮೂಟೆಯ ಔಟ್‌ಟರ್ನ್ ನೂರಕ್ಕೆ 84. ಮೇಸ್ತ್ರಿಗೆ ಹೇಳಬೇಕಾದುದು ಇಷ್ಟೇ: 1 ಕಿಲೋ ಬದಲು 1 ಕಿಲೋ 190 ಗ್ರಾಂ ಹಾಕಿ.

ಪರೀಕ್ಷೆಯನ್ನು ಮೂರು ಬಾರಿ ಮಾಡಿ, ಹತ್ತಿರದ ಎರಡು ಅಂಕಿಗಳ ಸರಾಸರಿ ತೆಗೆದುಕೊಳ್ಳುವುದು ಯುಕ್ತ. ಮಾದರಿಯನ್ನು ಮೂಟೆಯ ಬಾಯಿಯಿಂದ ಮಾತ್ರ ತೆಗೆದರೆ ಅತ್ಯಂತ ಕೆಟ್ಟ ಭಾಗವನ್ನು ಪರೀಕ್ಷಿಸಿದಂತೆ. ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ತೆಗೆದು ಬೆರೆಸಬೇಕು. ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಫಿನಾಫ್ತಲೀನ್ ಬಣ್ಣ ಹೋಗುವ ಹೊತ್ತಿಗೆ ಕಾರ್ಬೊನೇಟಿನ ಅರ್ಧ ಕ್ಷಾರವೂ ಲೆಕ್ಕಕ್ಕೆ ಸೇರಿರುತ್ತದೆ. ಹಾಗಾಗಿ ಹಳೆಯ ಮಾಲಿನ ಅಂಕಿ ನಿಜಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಕಾರ್ಬೊನೇಟನ್ನು ಬೇರ್ಪಡಿಸಿ ತಿಳಿಯಬೇಕಾದರೆ ಹೈಡ್ರೋಕ್ಲೋರಿಕ್ ಆಮ್ಲವೂ ಮೀಥೈಲ್ ಆರೆಂಜ್ ಸೂಚಕವೂ ಬೇಕು. ಆಕ್ಸಾಲಿಕ್ ಆಮ್ಲದಿಂದ ಅದು ಆಗದು. ತೋಟದ ಬಳಕೆಗೆ ಮೊದಲ ಪರೀಕ್ಷೆ ಸಾಕು. ದೊಡ್ಡ ಮೊತ್ತದ ಖರೀದಿಯಲ್ಲಿ ವಿವಾದ ಬಂದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವುದೇ ಲೇಸು. ಕಾಸ್ಟಿಕ್ ಸೋಡಕ್ಕೆ ಐಎಸ್ 252 ಎಂಬ ಭಾರತೀಯ ಮಾನಕವಿದೆ; ಖರೀದಿ ಆದೇಶದಲ್ಲಿ ಅದನ್ನು ನಮೂದಿಸಿ, ಪ್ರತಿ ತಂಡದ ಪರೀಕ್ಷಾ ಪ್ರಮಾಣಪತ್ರ ಕೇಳುವುದು ಕೊಳ್ಳುವವರ ಹಕ್ಕು.

ತೊಳೆದ ನೀರು ಎಲ್ಲಿಗೆ?

ಸಕಲೇಶಪುರ ತಾಲೂಕಿನ ಒಂದು ಪಾಲು ನೀರು ಹೇಮಾವತಿಗೆ ಹರಿಯುತ್ತದೆ. ಘಟ್ಟದಂಚಿನ ಹಳ್ಳಗಳ ನೀರು ಕೆಂಪುಹೊಳೆಯ ದಾರಿಯಾಗಿ ಕುಮಾರಧಾರೆಯತ್ತ ಇಳಿಯುತ್ತದೆ. ಎರಡೂ ಕಡೆ ಕೆಳಗೆ ಕುಡಿಯುವವರಿದ್ದಾರೆ. ಒಂದು ಕಿಲೋ ಸೋಡದ 25 ಮೋಲ್ ಪೂರ್ತಿಯಾಗಿ 10,000 ಲೀಟರ್ ಶುದ್ಧ ನೀರಿಗೆ ಸೇರಿತು ಎನ್ನೋಣ. ಅದು 0.0025 ಮೋಲಾರ್, ಪಿಎಚ್ 11.4. ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯ ನೀರಿಗೆ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ 5.5ರಿಂದ 9. ಹತ್ತು ಸಾವಿರ ಲೀಟರಿನಲ್ಲಿ ಕದಡಿದರೂ ಒಂದು ಕಿಲೋ ಸೋಡ ಮಿತಿಯೊಳಗೆ ಬರುವುದಿಲ್ಲ.

ವಾಸ್ತವದಲ್ಲಿ ಸ್ವಲ್ಪ ಭಾಗ ಲೋಳೆಯೊಡನೆ ಖರ್ಚಾಗಿರುತ್ತದೆ. ಅಲ್ಲದೆ ಪಲ್ಪರಿನಿಂದ ಬಂದ ಸಿಹಿನೀರು ನಿಂತಷ್ಟೂ ಹುಳಿಯಾಗುತ್ತದೆ. ಆ ಹುಳಿಯನ್ನು ಮುರಿಯಲು ತೋಟದವರು ಸುಣ್ಣ ಕೊಂಡು ತರುತ್ತಾರೆ. ಸೋಡದ ತೊಳೆನೀರನ್ನು ಹಳ್ಳಕ್ಕೆ ಬಿಡದೆ ಅದೇ ಗುಂಡಿಗೆ ಸೇರಿಸಿದರೆ ಹುಳಿಯೂ ಕ್ಷಾರವೂ ಪರಸ್ಪರ ಕಳೆದು ಸುಣ್ಣದ ಖರ್ಚು ಅಷ್ಟು ತಗ್ಗುತ್ತದೆ. 25 ಮೋಲ್ ಸೋಡ ಮಾಡುವ ಕೆಲಸಕ್ಕೆ 12.5 ಮೋಲ್ ಅರಳಿದ ಸುಣ್ಣ, ಅಂದರೆ ಸುಮಾರು 926 ಗ್ರಾಂ ಶುದ್ಧ ಸುಣ್ಣ ಬೇಕು. ಇಲ್ಲಿ ಪಿಎಚ್ ಕಾಗದ ಉಪಯೋಗಕ್ಕೆ ಬರುತ್ತದೆ. ಕಲೆಸಿದ ಬಳಿಕ ಅದ್ದಿ ನೋಡಿ, ಸುಣ್ಣ ಇನ್ನೂ ಬೇಕೇ ಎಂದು ತೀರ್ಮಾನಿಸಬಹುದು.

ದಾಸ್ತಾನಿನ ವಿಷಯವಾಗಿ ವರ್ತಕರಿಗೆ ಒಂದೆರಡು ಮಾತು. ಬಿಡಿ ಮಾರಾಟ ಮಾಡುವವರು ಮೂಟೆಯನ್ನು ಅಂಗಡಿಯ ಮುಂದೆ ಬಾಯಿ ತೆರೆದಿಟ್ಟು ತೂಗಿ ಕೊಡುವ ಪದ್ಧತಿಯನ್ನು ಬಿಡಬೇಕು. ಒಡೆದ ಮೂಟೆಯನ್ನು ಆ ದಿನವೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಡ್ರಮ್ಮಿನ ಸಹಿತ ತೂಕವನ್ನೂ ದಿನಾಂಕವನ್ನೂ ಮೇಲೆ ಬರೆದಿಡಬೇಕು. ತೆಗೆದಾಗಲೆಲ್ಲ ಉಳಿದ ತೂಕವನ್ನು ತಿದ್ದಬೇಕು. ಮುಂದಿನ ಬಾರಿ ತೆರೆಯುವಾಗ ತೂಕ ಏರಿದ್ದರೆ ಎಷ್ಟು ತೇವ ಕುಡಿದಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಬಳಸುವವರು ಕನ್ನಡಕ, ಕೈಗವಸು, ಮೊಣಕಾಲುದ್ದದ ರಬ್ಬರ್ ಬೂಟು ಧರಿಸಬೇಕು. ಕಣ್ಣಿಗೆ ಹಾರಿದರೆ ವಿನೆಗರ್, ನಿಂಬೆರಸ ಯಾವುದನ್ನೂ ಹಾಕದೆ, ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ಎಡೆಬಿಡದೆ ತೊಳೆದು ನೇರವಾಗಿ ವೈದ್ಯರ ಬಳಿ ಕರೆದೊಯ್ಯಬೇಕು. ಪಲ್ಪರ್ ಮನೆಯಲ್ಲಿ ಅಂತಹ ಒಂದು ನಲ್ಲಿ, ತೊಟ್ಟಿಯಿಂದ ಹತ್ತು ಹೆಜ್ಜೆಯೊಳಗೆ, ಹಂಗಾಮಿನುದ್ದಕ್ಕೂ ನೀರು ಬರುವಂತಿರಬೇಕು.